ಗಾಜಿನ ತೊಟ್ಟಿಯ ಮೀನಿಗೂ ಮರಿಗೂ ಹೆಪ್ಪುಗಟ್ಟಿಸಿದ ಆಹಾರ

ಹೊಳೆಯ ಮೀನು ತನ್ನ ಊಟವನ್ನು ತಾನೇ ಆರಿಸಿಕೊಳ್ಳುತ್ತದೆ. ಕಲ್ಲಿಗೆ ಹತ್ತಿದ ಪಾಚಿ, ಕೆಸರಿನ ಹುಳು, ನೀರಿನ ಮೇಲೆ ಬಿದ್ದ ನೊಣ, ಇವುಗಳಲ್ಲಿ ತನಗೆ ಒಗ್ಗುವುದು ಯಾವುದೆಂಬುದು ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಒಂದು ಕಡೆ ಸಿಕ್ಕದಿದ್ದರೆ ಇನ್ನೊಂದು ಕಡೆಗೆ ಈಜಿಹೋಗುತ್ತದೆ. ಮೂರಡಿ ಉದ್ದದ ಗಾಜಿನ ತೊಟ್ಟಿಯೊಳಗಿನ ಮೀನಿಗೆ ಈ ಸ್ವಾತಂತ್ರ್ಯವಿಲ್ಲ. ನಾವು ಹಾಕಿದ್ದೇ ಅದಕ್ಕೆ ಊಟ. ಹಾಕಿದ ಊಟ ಕೊಳೆತರೆ ಅದೇ ನೀರಿನಲ್ಲಿ ಅದು ಉಸಿರಾಡಬೇಕು. ಮನೆಯಲ್ಲಿ ಸಾಕಿದ ಮೀನು ಹಸಿವಿನಿಂದ ಸಾಯುವುದಕ್ಕಿಂತ ಅಕ್ಕರೆಯಿಂದ ಹಾಕಿದ ಊಟದಿಂದ ಸಾಯುವುದೇ ಹೆಚ್ಚು ಎಂದು ಅನುಭವಿಗಳು ಹೇಳುವುದು ಸುಮ್ಮನೆ ಅಲ್ಲ.

ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ಒಣ ಆಹಾರದ ಡಬ್ಬಿಗಳ ಜೊತೆಗೆ ಈಗ ಹೆಪ್ಪುಗಟ್ಟಿಸಿದ ಆಹಾರವೂ ಸಿಕ್ಕುತ್ತದೆ. ಔಷಧದ ಮಾತ್ರೆಗಳ ಪಟ್ಟಿಯಂತೆ ಗುಳಿಗುಳಿಯಾಗಿರುವ ಹಾಳೆ. ಒಂದೊಂದು ಗುಳಿಯಲ್ಲಿಯೂ ಒಂದೊಂದು ಬಿಲ್ಲೆ. ಕೆಂಪು ಹುಳುವಿನದು, ಸಿಗಡಿಯದು, ನೀರುಚಿಗಟದ್ದು, ಹೀಗೆ ಹತ್ತಾರು ಬಗೆ. ಬೆಲೆ ಒಣ ಆಹಾರಕ್ಕಿಂತ ಹೆಚ್ಚು. ಕೊಳ್ಳುವವರು ಸಾಮಾನ್ಯವಾಗಿ ಬಣ್ಣ ನೋಡಿ, ಇಲ್ಲವೆ ಅಂಗಡಿಯವರು ಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಾರೆ. ಆದರೆ ಇವುಗಳಲ್ಲಿ ಒಂದು ಮೀನಿಗೆ ಅಮೃತವಾದುದು ಇನ್ನೊಂದಕ್ಕೆ ಅಜೀರ್ಣ. ದೊಡ್ಡ ಮೀನಿಗೆ ಹಿತವಾದುದು ಮರಿಗೆ ನಿರುಪಯೋಗಿ. ಆದುದರಿಂದ ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಆಹಾರದ ತಂಪು ಎಲ್ಲಿಯೂ ಮುರಿಯದೆ ಬಂದಿದೆಯೆ? ಇದು ನನ್ನ ಮೀನಿನ ಬಾಯಿಗೆ ಹಿಡಿಯುತ್ತದೆಯೆ? ಅದರ ಕರುಳಿಗೆ ಒಗ್ಗುತ್ತದೆಯೆ? ಈ ಮೂರಕ್ಕೂ ಹೌದೆಂಬ ಉತ್ತರ ದೊರೆತರೆ ಮಾತ್ರ ಆ ಆಹಾರ ನಿಮ್ಮ ತೊಟ್ಟಿಗೆ ತಕ್ಕದ್ದು.

ಮೊದಲು, ಹೆಪ್ಪುಗಟ್ಟಿಸುವುದೇಕೆ ಎಂಬುದನ್ನು ನೋಡೋಣ. ಮೀನಿಗೆ ಜೀವಂತ ಹುಳುವಿನಷ್ಟು ಇಷ್ಟವಾದ ಊಟ ಬೇರೊಂದಿಲ್ಲ. ಆದರೆ ಪೇಟೆಯಲ್ಲಿ ಸಿಕ್ಕುವ ಜೀವಂತ ಟ್ಯುಬಿಫೆಕ್ಸ್ ಹುಳು ಬಹುಮಟ್ಟಿಗೆ ಬರುವುದು ಚರಂಡಿಯ ಕೆಸರಿನಿಂದ. ಆ ಕೆಸರಿನ ರೋಗಾಣುಗಳೂ ಪರೋಪಜೀವಿಗಳೂ ಹುಳುವಿನೊಡನೆ ನಮ್ಮ ತೊಟ್ಟಿಗೆ ಇಳಿಯುತ್ತವೆ. ಒಣ ಆಹಾರವಾದರೋ ಶುಚಿ, ಸುಲಭ. ಆದರೆ ಒಣಗಿಸುವ ಕಾವಿನಲ್ಲಿ ಕೆಲವು ಜೀವಸತ್ವಗಳು ಕುಂದುತ್ತವೆ, ಎಷ್ಟೋ ಮೀನುಗಳು ಅದನ್ನು ಮೂಸಿಯೂ ನೋಡುವುದಿಲ್ಲ. ಈ ಎರಡರ ನಡುವೆ ನಿಲ್ಲುವುದು ಹೆಪ್ಪುಗಟ್ಟಿಸಿದ ಆಹಾರ. ಅದರಲ್ಲಿ ಹುಳುವಿನ ರುಚಿಯೂ ಆಕಾರವೂ ಉಳಿದಿರುತ್ತವೆ; ಪರೋಪಜೀವಿಗಳಲ್ಲಿ ಬಹುಪಾಲು ತೀವ್ರವಾದ ತಂಪಿನಲ್ಲಿ ಸತ್ತಿರುತ್ತವೆ.

ಆಹಾರವನ್ನು ಬೇಗನೆ ಹೆಪ್ಪುಗಟ್ಟಿಸಬೇಕೆಂಬ ಪಾಠವನ್ನು ಕಲಿಸಿದುದೂ ಒಂದು ಮೀನೇ. ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕದವರು 1912ರಿಂದ ಕೆಲವು ವರ್ಷ ಕೆನಡದ ಲ್ಯಾಬ್ರಡಾರ್ ಪ್ರಾಂತದಲ್ಲಿದ್ದರು. ಅಲ್ಲಿಯ ಇನುಯಿಟ್ ಜನ ಮಂಜಿನ ಕಿಂಡಿಯಿಂದ ಹಿಡಿದ ಮೀನು ಮೇಲಿನ ಕೊರೆಯುವ ಗಾಳಿಗೆ ಕ್ಷಣದಲ್ಲಿ ಗಟ್ಟಿಯಾಗುತ್ತಿತ್ತು. ತಿಂಗಳುಗಳ ಮೇಲೆ ಕರಗಿಸಿ ಬೇಯಿಸಿದರೂ ಹೊಸ ಮೀನಿನ ರುಚಿಯೇ ಇರುತ್ತಿತ್ತು. ಕಾರಣವಿಷ್ಟೆ: ನಿಧಾನವಾಗಿ ತಣಿದರೆ ಮಾಂಸದೊಳಗಿನ ನೀರು ದೊಡ್ಡ ದೊಡ್ಡ ಹರಳುಗಳಾಗಿ ಜೀವಕೋಶಗಳ ಗೋಡೆಯನ್ನು ಸೀಳುತ್ತದೆ, ಬೇಗನೆ ತಣಿದರೆ ಹರಳುಗಳು ಸಣ್ಣವಾಗಿ ಕೋಶಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಗೋಡೆ ಸೀಳಿದ ಹುಳುವನ್ನು ಕರಗಿಸಿದರೆ ಸಾರವೆಲ್ಲ ನೀರಿಗೆ ಸೋರಿ ಸಿಪ್ಪೆ ಮಾತ್ರ ಮೀನಿನ ಬಾಯಿಗೆ ಸಿಕ್ಕುತ್ತದೆ. ಬರ್ಡ್ಸ್‌ಐ ಅವರು ಮುಂದೆ ಇದಕ್ಕಾಗಿ ಯಂತ್ರವನ್ನು ರಚಿಸಿದರು. 1930ರಲ್ಲಿ ಮಸಾಚುಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಲ್ಲಿ ಇಂಥ ಆಹಾರ ಮಾರಾಟಕ್ಕೆ ಬಂದಿತು. ಮನುಷ್ಯನಿಗಾಗಿ ಹುಟ್ಟಿದ ಆ ಉಪಾಯವೇ ಇಂದು ನಿಮ್ಮ ಗಪ್ಪಿ ಮೀನಿಗೂ ಒದಗಿದೆ.

ಈಗ ಮೊದಲನೆಯ ಪ್ರಶ್ನೆ. ಹೆಪ್ಪುಗಟ್ಟಿಸಿದ ಆಹಾರವನ್ನು ಸೊನ್ನೆಗಿಂತ 18 ಡಿಗ್ರಿ ಸೆಲ್ಷಿಯಸ್ ಕೆಳಗಿನ ತಂಪಿನಲ್ಲಿ ಇಡತಕ್ಕದ್ದು. ಅದು ತಯಾರಾದ ಕಡೆಯಿಂದ ಅಂಗಡಿಗೆ, ಅಂಗಡಿಯಿಂದ ನಮ್ಮ ಮನೆಗೆ ಬರುವವರೆಗೆ ಈ ತಂಪು ಒಮ್ಮೆಯೂ ಮುರಿಯಬಾರದು. ತಂಪು ಬ್ಯಾಕ್ಟೀರಿಯಗಳನ್ನು ಕೊಲ್ಲುವುದಿಲ್ಲ, ನಿದ್ರೆ ಮಾಡಿಸುತ್ತದೆ ಅಷ್ಟೆ ಎಂಬುದನ್ನು ಮರೆಯಬಾರದು. ಆಹಾರ ಕರಗಿದೊಡನೆ ಅವು ಎಚ್ಚತ್ತು ವೃದ್ಧಿಯಾಗುತ್ತವೆ. ಮತ್ತೆ ಹೆಪ್ಪುಗಟ್ಟಿಸಿದರೆ ಹೆಚ್ಚಿದ ಸಂಖ್ಯೆಯೊಡನೆ ಹಾಗೆಯೇ ಮಲಗುತ್ತವೆ. ಕೆಲವು ತಯಾರಕರು ಗಾಮಾ ಕಿರಣ ಹಾಯಿಸಿ ಆಹಾರವನ್ನು ಶುದ್ಧಗೊಳಿಸಿ ಹಾಗೆಂದು ಹೊದಿಕೆಯ ಮೇಲೆ ಮುದ್ರಿಸಿರುತ್ತಾರೆ. ಅಂಥದು ಸಿಕ್ಕಿದರೆ ಉತ್ತಮ. ಆದರೆ ಅಂಥ ಆಹಾರವೂ ದಾರಿಯಲ್ಲಿ ಕರಗಿದರೆ ಕೆಡದೆ ಇರುವುದಿಲ್ಲ.

ಅಂಗಡಿಯಲ್ಲಿ ಹಾಳೆಯನ್ನು ಕೈಗೆತ್ತಿಕೊಂಡು ನೋಡಿ. ಬಿಲ್ಲೆಗಳು ಗುಳಿಯ ತುಂಬ ಸಮವಾಗಿ, ಅಂಚು ಚೂಪಾಗಿ ನಿಂತಿರಬೇಕು. ಒಂದು ಮೂಲೆಗೆ ಜಾರಿ ಓರೆಯಾಗಿ ಗಟ್ಟಿಯಾಗಿದ್ದರೆ, ಹುಳುವೆಲ್ಲ ಅಡಿಗಿಳಿದು ಮೇಲೆ ಬರಿಯ ಬಣ್ಣದ ಮಂಜುಗಡ್ಡೆ ಉಳಿದಿದ್ದರೆ, ಹೊದಿಕೆಯೊಳಗೆ ಒರಟು ಮಂಜಿನ ಹರಳು ತುಂಬಿದ್ದರೆ, ಅದು ಎಲ್ಲಿಯೋ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದು ತಿಳಿಯಿರಿ. ಕೊಂಡುದನ್ನು ಮನೆಗೆ ತರುವುದಕ್ಕೆ ದಪ್ಪ ಥರ್ಮೋಕೋಲ್ ಡಬ್ಬಿಯನ್ನೋ, ಬಟ್ಟೆ ಸುತ್ತಿದ ಊಟದ ಡಬ್ಬಿಯನ್ನೋ ಜೊತೆಗೆ ಒಯ್ದರೆ ಜಾಣತನ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿಯೋ ಬಳ್ಳಾರಿಯಲ್ಲಿಯೋ ಅರ್ಧ ಗಂಟೆ ಬರಿಗೈಯಲ್ಲಿ ಹಿಡಿದು ನಡೆದರೆ ಮನೆ ಸೇರುವ ವೇಳೆಗೆ ಅದು ಕೆಂಪು ನೀರಾಗಿರುತ್ತದೆ.

ಮನೆಗೆ ಬಂದ ಮೇಲೆ ಇನ್ನೊಂದು ಆತಂಕ, ವಿದ್ಯುತ್ತಿನದು. ನೀವು ಊರಿನಲ್ಲಿಲ್ಲದಾಗ ವಿದ್ಯುತ್ತು ಎಷ್ಟು ಹೊತ್ತು ಹೋಗಿತ್ತು, ಫ್ರೀಜರಿನೊಳಗೆ ಏನಾಯಿತು ಎಂದು ತಿಳಿಯುವುದು ಹೇಗೆ? ಒಂದು ಸುಲಭವಾದ ಉಪಾಯವಿದೆ. ಒಂದು ಚಿಕ್ಕ ಬಟ್ಟಲಿನಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟು ಗಡ್ಡೆಕಟ್ಟಿಸಿ, ಅದರ ಮೇಲೆ ಒಂದು ನಾಣ್ಯವನ್ನು ಇಡಿ. ಊರಿನಿಂದ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಭಯವಿಲ್ಲ. ಅದು ಬಟ್ಟಲಿನ ತಳಕ್ಕೆ ಇಳಿದು, ಮೇಲೆ ಮತ್ತೆ ಮಂಜು ಕಟ್ಟಿದ್ದರೆ ನಡುವೆ ಎಲ್ಲವೂ ಕರಗಿತ್ತೆಂದು ಅರ್ಥ. ಆಗ ಮೀನಿನ ಆಹಾರವನ್ನು ಮರುಮಾತಿಲ್ಲದೆ ಬಿಸುಡಬೇಕು. ನೂರೋ ಇನ್ನೂರೋ ರೂಪಾಯಿ ಹೋಯಿತೆಂದು ಮರುಗಿ ಅದನ್ನು ಹಾಕಿದರೆ ತೊಟ್ಟಿಯ ಮೀನೆಲ್ಲವೂ ಹೋದಾವು.

ಇಲ್ಲಿ ಮನೆಯ ಮಾತೊಂದನ್ನು ಹೇಳಬೇಕು. ನಮ್ಮ ಅನೇಕ ಮನೆಗಳಲ್ಲಿ ಹಾಲು, ಹೂವು, ದೋಸೆಹಿಟ್ಟು ಇಡುವ ಫ್ರಿಜ್ಜಿನಲ್ಲಿ ಹುಳುವಿನ ಹಾಳೆಯನ್ನು ಇಡುವುದು ಹಿರಿಯರಿಗೆ ಒಪ್ಪಿಗೆಯಾಗದು. ಅವರ ಆಕ್ಷೇಪಣೆಯಲ್ಲಿ ಮಡಿಯ ಮಾತಿನ ಜೊತೆಗೆ ಆರೋಗ್ಯದ ಮಾತೂ ಇದೆ. ಮೀನಿನ ಆಹಾರವನ್ನು ಬಿಗಿ ಮುಚ್ಚಳದ ಬೇರೆ ಡಬ್ಬಿಯಲ್ಲಿಟ್ಟು, ಹೆಸರು ಬರೆದ ಚೀಟಿ ಅಂಟಿಸಿ, ಮಕ್ಕಳ ಕೈಗೆ ಎಟುಕದ ಕಡೆ ಇಡತಕ್ಕದ್ದು. ಅದನ್ನು ಕರಗಿಸುವ ಬಟ್ಟಲು, ಸೋಸುವ ಜರಡಿ ಅಡಿಗೆಮನೆಯವಾಗಿರಬಾರದು. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಕೆಂಪು ಹುಳುವನ್ನು ಪದೇ ಪದೇ ಮುಟ್ಟುವ ಕೆಲವರಿಗೆ ಕೈ ತುರಿಕೆ, ನೆಗಡಿ, ಕಣ್ಣುರಿ, ಕೆಲವೊಮ್ಮೆ ಉಬ್ಬಸವೂ ಬರುವುದುಂಟು. ಆ ಹುಳುವಿನ ರಕ್ತದ ಕೆಂಪು ದ್ರವ್ಯವೇ ಇದಕ್ಕೆ ಕಾರಣ. ಇಂಥವರು ಚಿಮಟದಿಂದ ಎತ್ತಬೇಕು, ಅಥವಾ ಆ ಆಹಾರವನ್ನೇ ಬಿಡಬೇಕು. ಮನೆಯಲ್ಲಿ ಒಪ್ಪಿಗೆ ದೊರೆಯದಿದ್ದರೆ ಗೋಲ್ಡ್‌ಫಿಷ್, ಮೋಲಿಗಳಂಥ ಮೀನುಗಳನ್ನು ಸಾಕಿ, ಒಳ್ಳೆಯ ಒಣ ಆಹಾರದ ಜೊತೆಗೆ ಬೇಯಿಸಿ ಹೆಪ್ಪುಗಟ್ಟಿಸಿದ ಹಸಿರು ಬಟಾಣಿ, ಪಾಲಕ್ ಸೊಪ್ಪುಗಳಿಂದ ಸುಖವಾಗಿ ಸಂಸಾರ ಸಾಗಿಸಬಹುದು.

ಎರಡನೆಯದು ಬಾಯಿಯ ಪ್ರಶ್ನೆ. ಸಾಕುವವರಲ್ಲಿ ಒಂದು ಹಳೆಯ ಲೆಕ್ಕವಿದೆ: ಆಹಾರದ ತುಣುಕು ಮೀನಿನ ಕಣ್ಣಿಗಿಂತ ದೊಡ್ಡದಾಗಿರಬಾರದು. ಕರಾರುವಾಕ್ಕಾದ ಶಾಸ್ತ್ರವಲ್ಲದಿದ್ದರೂ ಒಳ್ಳೆಯ ಅಂದಾಜು. ನಿಯಾನ್ ಟೆಟ್ರ ಮೀನಿಗೆ ಒಂದಂಗುಲದ ಸಿಗಡಿ ಹಾಕಿದರೆ ಅದು ಕಚ್ಚಿ, ಉಗುಳಿ, ಕೊನೆಗೆ ಬಿಟ್ಟುಬಿಡುತ್ತದೆ. ಬಿಟ್ಟದ್ದು ಮರಳಿನಲ್ಲಿ ಕೊಳೆಯುತ್ತದೆ. ಮೂರನೆಯದು ಕರುಳಿನ ಪ್ರಶ್ನೆ. ಗೋಲ್ಡ್‌ಫಿಷ್ ಗೆಂಡೆಯ ಕುಲಕ್ಕೆ ಸೇರಿದುದು. ಈ ಕುಲದ ಮೀನುಗಳಿಗೆ ನಮಗಿರುವಂಥ ಹೊಟ್ಟೆಯ ಚೀಲವೇ ಇಲ್ಲ, ಉದ್ದವಾದ ಕರುಳು ಮಾತ್ರ. ಒಂದೇ ಸಲ ಹೆಚ್ಚು ತಿಂದು ಕೂಡಿಟ್ಟುಕೊಳ್ಳುವ ಸೌಕರ್ಯ ಅದಕ್ಕಿಲ್ಲ. ಸ್ವಲ್ಪ ಸ್ವಲ್ಪವಾಗಿ, ಹಲವು ಸಲ, ಹಗುರವಾದುದನ್ನು ಕೊಡಬೇಕು. ಆಫ್ರಿಕದ ಮಲಾವಿ, ಟಾಂಗನ್ಯೀಕ ಸರೋವರಗಳಿಂದ ಬಂದ ಪಾಚಿ ಮೇಯುವ ಬಣ್ಣದ ಮೀನುಗಳ ಕರುಳು ಇನ್ನೂ ಉದ್ದ. ಅವಕ್ಕೆ ದಿನವೂ ಕೊಬ್ಬಿದ ಹುಳು ಹಾಕಿದರೆ ಹೊಟ್ಟೆಯುಬ್ಬರ ಬಂದು ಸಾಯುವುದುಂಟು. ಏಂಜಲ್, ಡಿಸ್ಕಸ್, ಫೈಟರ್ ಮೀನುಗಳು ಹುಳುಹುಪ್ಪಟೆ ತಿನ್ನುವ ಜಾತಿ. ಅವಕ್ಕೆ ಬರಿಯ ಸೊಪ್ಪು ಸಾಲದು.

ಇನ್ನು ಪೇಟೆಯ ಸರಕನ್ನು ಒಂದೊಂದಾಗಿ ನೋಡೋಣ. ಎಲ್ಲರಿಗೂ ಪರಿಚಿತವಾದುದು ಬ್ಲಡ್‌ವರ್ಮ್. ಹೆಸರು ಹುಳುವೆಂದಿದ್ದರೂ ಇದು ಕಚ್ಚದ ಸೊಳ್ಳೆಯಂಥ ಕೀಟವೊಂದರ ಮರಿ. ಗಾಳಿ ಕಡಿಮೆಯಿರುವ ಕೆಸರಿನಲ್ಲಿ ಬದುಕಬೇಕಾದುದರಿಂದ ಇದರ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇದೆ. ಅದೇ ಆ ಕೆಂಪು. ಮೀನುಗಳಿಗೆ ಇದರ ಮೇಲೆ ಪ್ರಾಣ. ನಮ್ಮ ಮಕ್ಕಳಿಗೆ ಮೈಸೂರುಪಾಕು ಹೇಗೋ ಹಾಗೆ. ಹಬ್ಬಕ್ಕೆ ಸರಿ, ದಿನದ ಊಟಕ್ಕಲ್ಲ. ಕೆಸರಿನಲ್ಲಿ ಸೀಸದಂಥ ಲೋಹಗಳಿದ್ದರೆ ಈ ಹುಳು ಅವನ್ನು ಮೈಗೆ ತೆಗೆದುಕೊಳ್ಳುತ್ತದೆ. ಹೆಪ್ಪುಗಟ್ಟಿಸುವುದರಿಂದ ಲೋಹ ಹೋಗುವುದಿಲ್ಲ. ವಾರಕ್ಕೆ ಒಂದೆರಡು ಸಲ ಸಾಕು.

ಎರಡನೆಯದು ಬ್ರೈನ್ ಶ್ರಿಂಪ್, ಶಾಸ್ತ್ರದ ಹೆಸರು ಆರ್ಟೀಮಿಯ. ಉಪ್ಪಿನ ನೀರಿನ ಪುಟ್ಟ ಸಿಗಡಿಯಂಥ ಪ್ರಾಣಿ. ಬೆಳೆದದ್ದು ಸುಮಾರು ಒಂದು ಸೆಂಟಿಮೀಟರ್ ಉದ್ದ. ಅಮೆರಿಕದ ಯೂಟಾ ಸಂಸ್ಥಾನದ ಮಹಾ ಲವಣ ಸರೋವರ ಇದರ ತವರು. ನಮ್ಮ ದೇಶದಲ್ಲಿ ತೂತ್ತುಕ್ಕುಡಿಯ ಉಪ್ಪಿನ ಗದ್ದೆಗಳಲ್ಲಿಯೂ ಇದೆ. ಹಗುರವಾದ ಆಹಾರ, ಎಲ್ಲ ಮೀನಿಗೂ ಒಗ್ಗುತ್ತದೆ. ಆದರೆ ಬೆಳೆದ ಬ್ರೈನ್ ಶ್ರಿಂಪಿನಲ್ಲಿ ಪುಷ್ಟಿ ಕಡಿಮೆ. ಸ್ಪಿರುಲಿನ ಪಾಚಿಯನ್ನೋ ಮೀನೆಣ್ಣೆಯನ್ನೋ ಮೊದಲು ತಿನ್ನಿಸಿ ಆಮೇಲೆ ಹೆಪ್ಪುಗಟ್ಟಿಸಿದ್ದು ಸಿಕ್ಕುತ್ತದೆ. ಹೊದಿಕೆಯಲ್ಲಿ ಹಾಗೆ ಬರೆದಿದ್ದರೆ ಅದನ್ನೇ ಆರಿಸಿ.

ಡಾಫ್ನಿಯ ಎಂಬ ನೀರುಚಿಗಟ ನಮ್ಮ ಕೆರೆಕುಂಟೆಗಳಲ್ಲಿಯೂ ಉಂಟು. ಇದರ ಚಿಪ್ಪು ಜೀರ್ಣವಾಗದೆ ಕರುಳನ್ನು ಶುಚಿಮಾಡುತ್ತದೆ. ಮಲಬದ್ಧತೆಯಿಂದ ಹೊಟ್ಟೆ ಊದಿದ ಗೋಲ್ಡ್‌ಫಿಷ್, ಫೈಟರ್ ಮೀನುಗಳಿಗೆ ಹಿತ. ಇದಕ್ಕಿಂತ ಚಿಕ್ಕದು ಮೊಯಿನ. ಅದೇ ಕೆರೆಯ ಇನ್ನೊಂದು ಜೀವಿ ಸೈಕ್ಲಾಪ್ಸ್. ನಾರುಹುಣ್ಣಿನ ಹುಳುವನ್ನು ಹೊತ್ತು ನಮ್ಮ ಉತ್ತರ ಜಿಲ್ಲೆಗಳ ಹಳ್ಳಿಗಳನ್ನು ಕಾಡಿದುದು ಇದೇ. ಭಾರತ ಆ ರೋಗದಿಂದ ಮುಕ್ತವೆಂದು 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮೀನಿಗಾದರೆ ಸೈಕ್ಲಾಪ್ಸ್ ಒಳ್ಳೆಯ ಊಟ: ಒಂದು ಮಿಲಿಮೀಟರಿನ ಆಸುಪಾಸಿನ ಗಾತ್ರ, ಮೀನಿನ ಕೆಂಪು ಕಿತ್ತಳೆ ಬಣ್ಣಗಳನ್ನು ಹೆಚ್ಚಿಸುವ ದ್ರವ್ಯ. ಜೀವಂತ ಸೈಕ್ಲಾಪ್ಸ್ ಎಳೆಯ ಮರಿಗಳನ್ನು ಕಚ್ಚಿ ಕೊಲ್ಲುವುದುಂಟು. ಹೆಪ್ಪುಗಟ್ಟಿಸಿದ್ದರಿಂದ ಆ ಭಯವಿಲ್ಲ. ಸೊಳ್ಳೆಯ ಮರಿಹುಳುವಿನ ಮಾತೂ ಹೀಗೆಯೇ: ಜೀವಂತ ಹಾಕಿ ಮೀನು ತಿನ್ನದೆ ಉಳಿದರೆ ಸೊಳ್ಳೆಯಾಗಿ ನಮ್ಮನ್ನೇ ತಿನ್ನುತ್ತದೆ, ಹೆಪ್ಪುಗಟ್ಟಿಸಿದ್ದು ಮತ್ತೆ ಏಳುವುದಿಲ್ಲ. ಏಂಜಲ್, ಡಿಸ್ಕಸ್‌ಗಳಂಥ ದೊಡ್ಡ ಮೀನುಗಳಿಗೆ ಮೈಸಿಸ್ ಸಿಗಡಿ ಪುಷ್ಟಿಕರ.

ಕೆಲವರು ಮೀನು ಮಾರುಕಟ್ಟೆಯಿಂದ ಹಸಿ ಮೀನನ್ನೋ ಮರುವಾಯಿಯನ್ನೋ ತಂದು, ಕೊಚ್ಚಿ, ತಾವೇ ಹೆಪ್ಪುಗಟ್ಟಿಸುತ್ತಾರೆ. ಮಿತವ್ಯಯದ ದಾರಿಯೇನೋ ಹೌದು. ಆದರೆ ಕೆಲವು ಜಾತಿಯ ಮೀನು ಮತ್ತು ಚಿಪ್ಪುಜೀವಿಗಳ ಹಸಿ ಮಾಂಸದಲ್ಲಿ ಬಿ-1 ಜೀವಸತ್ವವನ್ನು ನಾಶಮಾಡುವ ಥಯಮಿನೇಸ್ ಎಂಬ ವಸ್ತುವಿದೆ. ಹೆಪ್ಪುಗಟ್ಟಿಸಿದರೆ ಅದು ಅಳಿಯುವುದಿಲ್ಲ, ಬೇಯಿಸಿದರೆ ಅಳಿಯುತ್ತದೆ. ಇಂಥ ಮಾಂಸವನ್ನೇ ತಿಂಗಳುಗಟ್ಟಲೆ ಹಾಕಿದರೆ ಮೀನು ತಿನ್ನುತ್ತಲೇ ಸೊರಗುತ್ತದೆ. ಒಂದು ಕುದಿ ಕುದಿಸಿ ತಣಿಸಿ ಆಮೇಲೆ ಹೆಪ್ಪುಗಟ್ಟಿಸುವುದು ಕ್ಷೇಮ. ತೆಳ್ಳಗೆ ಹರಡಿ ಇಟ್ಟರೆ ಬೇಗ ಹೆಪ್ಪುಗಟ್ಟುತ್ತದೆ. ಉಂಡೆ ಮಾಡಿ ಇಟ್ಟರೆ ನಿಧಾನ.

ಹೊದಿಕೆಯ ಮೇಲಿನ ಅಂಕಿಗಳನ್ನು ಓದುವಾಗಲೂ ಎಚ್ಚರ ಬೇಕು. ಒಣ ಆಹಾರದ ಡಬ್ಬಿಯಲ್ಲಿ ಪ್ರೋಟೀನು ನೂರಕ್ಕೆ 45 ಎಂದೂ, ಹೆಪ್ಪುಗಟ್ಟಿಸಿದ ಹಾಳೆಯಲ್ಲಿ ನೂರಕ್ಕೆ 5 ಎಂದೂ ಇದ್ದರೆ ಎರಡನೆಯದು ನಿಸ್ಸಾರವೆಂದು ತೋರುತ್ತದೆ. ಹಾಗಲ್ಲ. ಒಣ ಆಹಾರದಲ್ಲಿ ನೀರು ನೂರಕ್ಕೆ 8, ಹಾಳೆಯದರಲ್ಲಿ 90 ಎಂದಿಟ್ಟುಕೊಳ್ಳಿ. ನೀರನ್ನು ಕಳೆದು ನೋಡಿದರೆ ಎರಡರಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಪ್ರೋಟೀನೇ. ನೀವು ಹೆಚ್ಚು ಬೆಲೆ ಕೊಡುತ್ತಿರುವುದು ರುಚಿಗೆ, ಆಕಾರಕ್ಕೆ, ಕಾವಿಗೆ ಸಿಕ್ಕದೆ ಉಳಿದ ಸತ್ವಗಳಿಗೆ ಎಂಬುದು ನೆನಪಿರಲಿ.

ಇಲ್ಲಿಯವರೆಗೆ ಹೇಳಿದುದು ಬೆಳೆದ ಮೀನಿನ ಮಾತು. ಮರಿಗಳ ಪಾಡು ಬೇರೆ. ಅಲ್ಲಿ ಎರಡು ದಿನದ ಉದಾಸೀನಕ್ಕೆ ನೂರಾರು ಮರಿ ಬಲಿಯಾಗುತ್ತವೆ. ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಗೆ ಹಳದಿಯ ಬುತ್ತಿ ಅಂಟಿಕೊಂಡಿರುತ್ತದೆ. ಅದು ಮುಗಿಯುವವರೆಗೆ ಊಟ ಬೇಡ. ಹಾಕಿದರೆ ನೀರು ಕೆಡುವುದಷ್ಟೇ ಫಲ. ಬುತ್ತಿ ಮುಗಿದು ಮರಿ ಅಡ್ಡಡ್ಡಲಾಗಿ ಈಜತೊಡಗಿದ ದಿನವೇ ಬಾಯಿಗೆ ಹಿಡಿಯುವ ಆಹಾರ ಮುಂದೆ ಇರಬೇಕು. ಜೀಬ್ರಾ ಮೀನಿನ ಮರಿಗೆ ಈ ದಿನ ಮೊಟ್ಟೆಯಿಟ್ಟ ಸುಮಾರು ಐದನೆಯ ದಿವಸ ಬರುತ್ತದೆ. ಏಂಜಲ್ ಮರಿಗೆ ಸುಮಾರು ಒಂದು ವಾರ.

ಈ ಬಾಯಿ ಎಷ್ಟು ಪುಟ್ಟದೆಂಬುದೇ ಮುಖ್ಯ ಸಂಗತಿ. ಆಗತಾನೆ ಹುಟ್ಟಿದ ಬ್ರೈನ್ ಶ್ರಿಂಪ್ ಮರಿ ಅರ್ಧ ಮಿಲಿಮೀಟರಿಗೆ ತುಸು ಕಡಿಮೆ. ಗಪ್ಪಿ, ಮೋಲಿ, ಪ್ಲಾಟಿಗಳು ಮರಿಯನ್ನೇ ಈಯುವ ಮೀನುಗಳು; ಅವುಗಳ ಮರಿ ಹುಟ್ಟುವಾಗಲೇ 6ರಿಂದ 8 ಮಿಲಿಮೀಟರ್ ಇದ್ದು, ಮೊದಲ ದಿನದಿಂದಲೇ ಇದನ್ನು ನುಂಗಬಲ್ಲವು. ಏಂಜಲ್ ಮರಿಗಳೂ ಈಜತೊಡಗಿದ ದಿನವೇ ಇದನ್ನು ತಿನ್ನುತ್ತವೆ. ಆದರೆ ಗೌರಾಮಿ, ಟೆಟ್ರ, ಜೀಬ್ರಾ ಮೀನಿನ ಎಳೆಮರಿಗಳಿಗೆ ಇದೂ ದೊಡ್ಡ ತುತ್ತು. ಅವಕ್ಕೆ ಮೊದಲ ಕೆಲವು ದಿನ ಇನ್ಫ್ಯೂಸೋರಿಯ ಎಂಬ ಕಣ್ಣಿಗೆ ಕಾಣದ ಜೀವಿಗಳೇ ಆಹಾರ. ಒಂದು ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಬಾಳೆಹಣ್ಣಿನ ಸಿಪ್ಪೆಯ ತುಂಡೊಂದನ್ನು ಹಾಕಿ ತೆಳುಬಟ್ಟೆ ಕಟ್ಟಿಟ್ಟರೆ, ನೀರು ಮೊದಲು ಹಾಲಿನಂತೆ ಕಲಕಿ, ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ತಿಳಿಯಾದ ಆ ನೀರಿನಲ್ಲಿ ಅವು ತುಂಬಿರುತ್ತವೆ.

ಇನ್ನು ಹೆಪ್ಪುಗಟ್ಟಿಸಿದ ರೋಟಿಫರ್ ಎಂಬ ಸೂಕ್ಷ್ಮ ಆಹಾರವನ್ನೂ, ಹೆಪ್ಪುಗಟ್ಟಿಸಿದ ಬ್ರೈನ್ ಶ್ರಿಂಪ್ ಮರಿಯನ್ನೂ ಮಾರುತ್ತಾರೆ. ಗಾತ್ರ ಸರಿಯಾಗಿದ್ದರೂ ಒಂದು ತೊಡಕಿದೆ. ಎಳೆಮರಿ ಆಹಾರವನ್ನು ಗುರುತಿಸುವುದು ಬಹುಮಟ್ಟಿಗೆ ಅದರ ಚಲನೆಯಿಂದ. ಕುಪ್ಪಳಿಸಿ ಈಜುವುದನ್ನು ಕಂಡರೆ ಎರಗುತ್ತದೆ. ಸತ್ತು ತಳಕ್ಕೆ ಇಳಿಯುವುದನ್ನು ಅದು ಊಟವೆಂದೇ ತಿಳಿಯುವುದಿಲ್ಲ. ಆಹಾರದ ರಾಶಿಯ ನಡುವೆಯೇ ಮರಿ ಹಸಿದು ಸಾಯುತ್ತದೆ. ಉಳಿದ ಮರಿಗಳನ್ನು ಆ ರಾಶಿಯ ಕೊಳೆತ ಕೊಲ್ಲುತ್ತದೆ. ಆದುದರಿಂದ ನನ್ನ ಸಲಹೆ ಇದು: ಮೊದಲ ವಾರ ಹತ್ತು ದಿನ ಜೀವಂತ ಆಹಾರ, ಆಮೇಲೆ ಹೆಪ್ಪುಗಟ್ಟಿಸಿದ್ದು. ಬ್ರೈನ್ ಶ್ರಿಂಪಿನ ಒಣ ಮೊಟ್ಟೆ ಡಬ್ಬಿಗಳಲ್ಲಿ ದೊರೆಯುತ್ತದೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು ಕರಗಿಸಿ, ಚಿಟಿಕೆ ಮೊಟ್ಟೆ ಹಾಕಿ, ಗಾಳಿ ಪಂಪಿನಿಂದ ಬಲವಾಗಿ ಗಾಳಿಯಾಡಿಸಿದರೆ ನಮ್ಮ ಹವೆಯಲ್ಲಿ ಒಂದು ಒಂದೂವರೆ ದಿನಕ್ಕೆ ಮರಿಯಾಗುತ್ತವೆ. ಗಾಳಿ ನಿಲ್ಲಿಸಿ ಒಂದು ಮೂಲೆಗೆ ದೀಪ ಹಿಡಿದರೆ ಮರಿಗಳು ಬೆಳಕಿಗೆ ಮುತ್ತುತ್ತವೆ, ಸಿಪ್ಪೆ ಮೇಲೆ ತೇಲುತ್ತದೆ. ಸಿಪ್ಪೆ ಬಾರದಂತೆ ಮರಿಗಳನ್ನು ಹೀರಿ, ನುಣುಪಾದ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಕೂಡಲೇ ಕೊಡಬೇಕು. ತಡಮಾಡಿದಷ್ಟೂ ಅವು ತಮ್ಮ ಬುತ್ತಿಯನ್ನು ತಾವೇ ಕರಗಿಸಿಕೊಂಡು ಬಡವಾಗುತ್ತವೆ. ಹೆಚ್ಚಾಗಿ ಉಳಿದುದನ್ನು ತೆಳ್ಳಗೆ ಹರಡಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಬಹುದು.

ಮರಿಗಳು ಚುರುಕಾಗಿ ತಿನ್ನಲು ಕಲಿತ ಮೇಲೆ ಜೀವಂತ ಆಹಾರದ ಜೊತೆಗೆ ಒಂದು ಪಾಲು ಹೆಪ್ಪುಗಟ್ಟಿಸಿದ್ದನ್ನು ಬೆರೆಸಿ. ಗಾಳಿಯ ಗುಳ್ಳೆಯನ್ನು ಮೆಲ್ಲಗೆ ಬಿಟ್ಟು ನೀರು ಸುಳಿಯುವಂತೆ ಮಾಡಿದರೆ ಸತ್ತ ತುಣುಕೂ ಜೀವವಿದ್ದಂತೆ ತೇಲಾಡುತ್ತದೆ. ದಿನದಿನಕ್ಕೆ ಆ ಪಾಲನ್ನು ಹೆಚ್ಚಿಸುತ್ತಾ ಬಂದರೆ ಒಂದು ವಾರದಲ್ಲಿ ಮರಿಗಳು ಒಗ್ಗಿಕೊಳ್ಳುತ್ತವೆ. ಆಮೇಲೆ ಸೈಕ್ಲಾಪ್ಸ್, ಅದರಾಚೆ ಸಣ್ಣ ಡಾಫ್ನಿಯ, ಅದರಾಚೆ ಕೊಚ್ಚಿದ ಬ್ಲಡ್‌ವರ್ಮ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮರಿಗೆ ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಕೆಲವೇ ಹನಿ. ತಿಂದಿವೆಯೋ ಇಲ್ಲವೋ ಎಂದು ಸಂಶಯಪಡಬೇಕಾಗಿಲ್ಲ. ಭೂತಗನ್ನಡಿ ಹಿಡಿದು ನೋಡಿ: ಬ್ರೈನ್ ಶ್ರಿಂಪ್ ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಉಬ್ಬಿರುತ್ತದೆ, ಚಪ್ಪಟೆಯಾಗಿ ಬಿಳಿಚಿದ್ದರೆ ಅದು ಉಪವಾಸ.

ಎಲ್ಲ ಮರಿಗೂ ಈ ಏರ್ಪಾಡೇ ಎಂದಲ್ಲ. ಡಿಸ್ಕಸ್ ಮೀನಿನ ಮರಿ ಮೊದಲು ತಂದೆತಾಯಿಯರ ಮೈಯ ಲೋಳೆಯನ್ನೇ ಮೇಯುತ್ತದೆ. ನಮ್ಮ ದಕ್ಷಿಣ ಭಾರತದ ನೀರಿನದೇ ಆದ ಕಿತ್ತಳೆ ಕ್ರೋಮೈಡ್ ಮೀನಿನ ಮರಿಗಳೂ ತಾಯಿತಂದೆಯರ ಮೈಗೆ ಬಾಯಿ ತಾಗಿಸಿ ಲೋಳೆಯನ್ನು ತಿನ್ನುತ್ತವೆ. ಇಂಥ ಮರಿಗಳನ್ನು ಅವಸರಪಟ್ಟು ಬೇರೆ ತೊಟ್ಟಿಗೆ ಹಾಕುವುದು ಮಗುವನ್ನು ತಾಯಿಯ ಮಡಿಲಿನಿಂದ ಕಿತ್ತಂತೆ.

ಕೊನೆಗೆ ಕೊಡುವ ಬಗೆ. ಬಿಲ್ಲೆಯನ್ನು ಮಂಜುಗಟ್ಟಿದಂತೆಯೇ ತೊಟ್ಟಿಗೆ ಎಸೆಯಬೇಡಿ. ಚಿಕ್ಕ ಬಟ್ಟಲಿನಲ್ಲಿ ತೊಟ್ಟಿಯ ನೀರನ್ನೇ ತೆಗೆದುಕೊಂಡು ಕರಗಿಸಿ, ಜರಡಿಯಲ್ಲಿ ಸೋಸಿ, ಬಣ್ಣದ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಉಳಿದ ಗಟ್ಟಿಯನ್ನು ಮಾತ್ರ ಸ್ವಲ್ಪ ಸ್ವಲ್ಪವಾಗಿ ಹಾಕಿ. ಬಿಸಿನೀರು ಬೇಡ. ಕರಗಿದುದನ್ನು ಅರ್ಧ ಗಂಟೆಯೊಳಗೆ ಮುಗಿಸಿ. ಮಿಕ್ಕಿದ್ದನ್ನು ಮತ್ತೆ ಫ್ರೀಜರಿಗೆ ಇಡಬೇಡಿ. ಎರಡು ಮೂರು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟೇ ಅಳತೆ. ಹತ್ತು ಚಿಕ್ಕ ಮೀನಿಗೆ ಇಡೀ ಬಿಲ್ಲೆ ಬೇಕಾಗುವುದಿಲ್ಲ. ಚಾಕುವಿನಿಂದ ನಾಲ್ಕು ಪಾಲು ಮಾಡಿ ಒಂದು ಪಾಲು ಕೊಡಿ. ಉಳಿದುಬಿದ್ದುದನ್ನು ಕೊಳವೆಯಿಂದ ಹೀರಿ ತೆಗೆಯಿರಿ. ಕೊಳೆತ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ನೀರಿನ ಕ್ಷಾರ ಹೆಚ್ಚಿದಷ್ಟೂ ಅದರ ವಿಷ ಹೆಚ್ಚು: ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷಾಂಶ ಸುಮಾರು ಹತ್ತು ಮಡಿಯಾಗುತ್ತದೆ. ಕೊಳವೆಬಾವಿಯ ಗಡುಸು ನೀರು ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಹಲವು ಜಾತಿಯ ಚಿಕ್ಕ ಮೀನುಗಳು ಕೂಡಿ ಬಾಳುವ ತೊಟ್ಟಿಗೆ ವಾರದ ಏರ್ಪಾಡು ಹೀಗಿರಬಹುದು. ನಾಲ್ಕು ದಿನ ಒಳ್ಳೆಯ ಒಣ ಆಹಾರ; ಅವುಗಳಲ್ಲಿ ಎರಡು ದಿನ ಸಂಜೆ ಡಾಫ್ನಿಯ ಅಥವಾ ಪುಷ್ಟಿಗೊಳಿಸಿದ ಬ್ರೈನ್ ಶ್ರಿಂಪ್. ಒಂದು ದಿನ ಬ್ಲಡ್‌ವರ್ಮ್. ಒಂದು ದಿನ ಸಿಪ್ಪೆ ಸುಲಿದು ಹಿಸುಕಿದ ಬಟಾಣಿ ಅಥವಾ ಬೆಂದ ಸೊಪ್ಪು. ಇನ್ನೊಂದು ದಿನ ಏನೂ ಬೇಡ. ಬೆಳೆದ ಮೀನಿಗೆ ವಾರಕ್ಕೊಂದು ಏಕಾದಶಿ ಒಳ್ಳೆಯದೇ. ಮರಿಗಳಿಗೆ ಮಾತ್ರ ಈ ವ್ರತ ಸಲ್ಲದು.

ತೊಟ್ಟಿಯ ಮುಂದೆ ನಿಂತಾಗ ಮೀನುಗಳೆಲ್ಲ ಗಾಜಿನ ಬಳಿಗೆ ಓಡಿಬಂದು ಬಾಯಿ ತೆರೆಯುತ್ತವೆ. ನಮ್ಮ ಕೈ ತಾನಾಗಿಯೇ ಡಬ್ಬಿಯ ಕಡೆಗೆ ಹೋಗುತ್ತದೆ. ಮೀನು ಬಾಯಿ ತೆರೆದದ್ದೆಲ್ಲ ಹಸಿವಲ್ಲ; ಎಷ್ಟು ಕೊಟ್ಟರೂ ಅದು ಸಾಕೆನ್ನುವುದಿಲ್ಲ. ಸಾಕು ಎಂದು ಅದರ ಪರವಾಗಿ ಹೇಳಬೇಕಾದವರು ನೀವು. ತಂಪು ಮುರಿಯದ, ಬಾಯಿಗೆ ಹಿಡಿಯುವ, ಕರುಳಿಗೆ ಒಗ್ಗುವ ಆಹಾರವನ್ನು ಆರಿಸಿ, ಬೇಕಾದಷ್ಟನ್ನೇ ಹಾಕಿ ಕೈ ಹಿಂದಕ್ಕೆ ತೆಗೆದುಕೊಂಡರೆ, ನಿಮ್ಮ ತೊಟ್ಟಿಯ ಮರಿಗಳು ಬೆಳೆದು ತಾವೂ ಮರಿ ಹಾಕುವ ದಿನವನ್ನು ನೀವು ಖಂಡಿತವಾಗಿ ಕಾಣುವಿರಿ.